ಓಸ್ಮೊ ಕದ್ದು ತಿನ್ನಲಿಲ್ಲ

ಮನೆಯಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ ಬಂದರೆ ಇನ್ನೊಬ್ಬರು ಪೊಲೀಸರಾಗುತ್ತಾರೆ. ದೂರದ ಹಿಮನಾಡಿನ ಸಾಯ್ಮಾ ಸರೋವರದ ದಡದ ಒಂದು ಪುಟ್ಟ ಊರಿನಲ್ಲಿ ಓಸ್ಮೊಗೆ ಸಕ್ಕರೆ ಕಾಯಿಲೆ ಬಂದಾಗ ಪೊಲೀಸಾದವಳು ಅವನ ಹೆಂಡತಿ ಹಿಲ್ಕಾ.

ಮನೆಯಿಂದ ಮೊದಲು ಗಡೀಪಾರಾದದ್ದು ಏಲಕ್ಕಿ ಬನ್ನು. ಅದರ ಹಿಂದೆಯೇ ಜಾಮು, ಐಸ್‌ಕ್ರೀಮು, ಹಣ್ಣಿನ ಸಿಹಿ ಮೊಸರು ಎಲ್ಲ ಹೋದವು. ಬೆಳಿಗ್ಗೆ ಮಾತ್ರೆಯನ್ನು ಹಿಲ್ಕಾ ತಾನೇ ತೆಗೆದು ಗಂಡನ ಅಂಗೈಗೆ ಹಾಕಿ, ಗಂಟಲಿನಲ್ಲಿ ಇಳಿಯುವವರೆಗೂ ಎದುರಿಗೆ ನಿಲ್ಲುತ್ತಿದ್ದಳು. ಇಷ್ಟೆಲ್ಲ ಮಾಡಿದ ಮೇಲೂ ಆಗಸ್ಟ್ ತಿಂಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿದರೆ, ಸಕ್ಕರೆ ಇಳಿಯುವುದಿರಲಿ, ವಸಂತದಲ್ಲಿದ್ದದ್ದಕ್ಕಿಂತ ಮೇಲೆ ಹೋಗಿ ಕೂತಿತ್ತು.

ಆರೋಗ್ಯ ಕೇಂದ್ರದ ನರ್ಸು ಕನ್ನಡಕದ ಮೇಲಿನಿಂದ ಓಸ್ಮೊನನ್ನು ನೋಡಿದಳು.

"ಮನೇಲಿ ಪಥ್ಯ ಸರಿಯಾಗಿ ನಡೀತಿದೆ ಅಂತೀರಾ?"

"ಹೌದು."

"ಹೊರಗೆ?"

"ಹೊರಗೂ."

"ಹಾಗಾದ್ರೆ ಈ ಸಕ್ಕರೆ ಗಾಳೀಲಿ ಹಾರ್ಕೊಂಡು ಬಂತಾ?"

ಓಸ್ಮೊ ಕಿಟಕಿಯ ಕಡೆ ಮುಖ ತಿರುಗಿಸಿದ. ಅವನು ಮೊದಲಿಂದಲೂ ಮಾತು ಕಮ್ಮಿ ಮನುಷ್ಯ. ಶಾಲೆಯ ಬಸ್ಸು ಓಡಿಸುತ್ತಾನೆ. ಕಾಡಿನ ನಡುವಿನ ಮನೆಗಳಿಂದ ಮಕ್ಕಳನ್ನು ಹತ್ತಿಸಿಕೊಂಡು ಊರಿಗೆ ತಂದುಬಿಡುತ್ತಾನೆ. ಹಿಮ ಬೀಳಲಿ, ದಾರಿ ಗಾಜಿನಂತೆ ಜಾರಲಿ, ಓಸ್ಮೊನ ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತದೆ ಎಂದು ತಾಯಂದಿರು ನೆಮ್ಮದಿಯಾಗಿರುತ್ತಾರೆ.

ನರ್ಸು ಮುಂದುವರಿಸಿದಳು: "ಚಳಿಗಾಲದ ಪರೀಕ್ಷೇಲೂ ಹೀಗೇ ಬಂದ್ರೆ ಡಾಕ್ಟರು ಇನ್ಸುಲಿನ್ ಸೂಜಿ ಶುರು ಮಾಡಬಹುದು. ಆಗ ಬಸ್ಸಿನ ಲೈಸೆನ್ಸಿಗೂ ಇನ್ನೊಂದು ಸಲ ತಪಾಸಣೆ ಆಗ್ಬೇಕಾಗುತ್ತೆ. ಯೋಚನೆ ಮಾಡಿ."

ಕಾರಿನಲ್ಲಿ ಮನೆಗೆ ಬರುವಾಗ ಸೇತುವೆ ದಾಟಿದ ಮೇಲೆ ಹಿಲ್ಕಾ ಕೇಳಿದಳು.

"ಎಲ್ಲಿ ತಿಂತೀಯ?"

"ಏನನ್ನ?"

"ನನಗೇನು ಗೊತ್ತು? ತಿನ್ನೋನು ನೀನು."

"ನಾನು ಏನೂ ತಿಂತಿಲ್ಲ ಹಿಲ್ಕಾ."

"ಏನೂ ತಿನ್ನದ ಮನುಷ್ಯನ ರಕ್ತದಲ್ಲಿ ಬೇಕರಿ ಇರಲ್ಲ ಓಸ್ಮೊ."

ಆ ದಿನದಿಂದ ಹಿಲ್ಕಾಳ ಕಣ್ಣು ಬೇರೆಯೇ ಆಯಿತು. ಇಷ್ಟು ದಿನ ಕಂಡೂ ಕಾಣದಂತಿದ್ದ ಸಣ್ಣಪುಟ್ಟವೆಲ್ಲ ಎದ್ದು ಕಾಣತೊಡಗಿದವು. ಓಸ್ಮೊ ರೈ ಧಾನ್ಯದ ರೊಟ್ಟಿಯ ಗಟ್ಟಿ ಅಂಚನ್ನು ಮುರಿದು ತಟ್ಟೆಯ ಬದಿಗೆ ಸರಿಸುತ್ತಿದ್ದ. ತುರಿದ ಕ್ಯಾರೆಟ್ಟು, ಹಸಿ ಎಲೆಕೋಸು ಮುಟ್ಟುತ್ತಲೇ ಇರಲಿಲ್ಲ. ಸೇಬು ಬುಟ್ಟಿಯಲ್ಲೇ ಸುಕ್ಕಾಗುತ್ತಿತ್ತು. ಗೊರಕೆಯ ನೆಪ ಹೇಳಿ ಜೂನ್ ತಿಂಗಳಿಂದಲೇ ಹಾಸಿಗೆಯನ್ನು ಹಿಂದಿನ ಕೋಣೆಗೆ ಸಾಗಿಸಿದ್ದ. ಮಾತಾಡುವಾಗ ಗಲ್ಲ ತುರಿಸಿಕೊಳ್ಳುವವನಂತೆ ಕೈಯನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದ. ಯಾವಾಗ ನೋಡಿದರೂ ಪೆಪ್ಪರ್‌ಮಿಂಟ್ ವಾಸನೆ.

ಒಂದು ಸಂಜೆ ಅವನು ಸೌನಾ ಎಂಬ ಹಬೆಸ್ನಾನದ ಮನೆಗೆ ಸೌದೆ ಒಡೆಯುತ್ತಿದ್ದಾಗ ಹಿಲ್ಕಾ ಅಂಗಳದಲ್ಲಿ ನಿಂತಿದ್ದ ಬಸ್ಸು ಹತ್ತಿ ಹುಡುಕಿದಳು. ಚಾಲಕನ ಸೀಟಿನ ಪಕ್ಕದ ಕಸದ ಚೀಲದಲ್ಲಿ ತಾನು ಬೆಳಿಗ್ಗೆ ಕಟ್ಟಿಕೊಟ್ಟ ರೈ ರೊಟ್ಟಿ, ಚೀಸು, ಸೌತೆಕಾಯಿ ಹಾಗೆಯೇ ಸಿಕ್ಕವು. ಜೊತೆಗೆ ಪೆಪ್ಪರ್‌ಮಿಂಟಿನ ಖಾಲಿ ಪೊಟ್ಟಣಗಳು. ಒಂದೆರಡಲ್ಲ, ಮುಷ್ಟಿ ತುಂಬ.

ನಾನು ಕಟ್ಟಿಕೊಟ್ಟ ಬುತ್ತಿ ಕಸಕ್ಕೆ. ಹಾಗಾದರೆ ಮಧ್ಯಾಹ್ನ ಇವನಿಗೆ ಬಡಿಸುವವರು ಯಾರು?

ಶನಿವಾರ ಸರೋವರದ ದಡದ ನೃತ್ಯಮಂಟಪದಲ್ಲಿ ಆ ಬೇಸಿಗೆಯ ಕೊನೆಯ ಕುಣಿತವಿತ್ತು. ಓಸ್ಮೊ ಮತ್ತು ಹಿಲ್ಕಾ ಟ್ಯಾಂಗೋ ಕುಣಿದರೆ ಬೇರೆಯವರು ಜಾಗ ಬಿಟ್ಟು ನಿಂತು ನೋಡುತ್ತಿದ್ದ ಕಾಲವೊಂದಿತ್ತು. ಈ ಸಲ ಹಿಲ್ಕಾ ನೀಲಿ ಅಂಗಿ ತೊಟ್ಟು ಬಂದಿದ್ದಳು. ಅಕಾರ್ಡಿಯನ್ ಶುರುವಾಯಿತು. ಓಸ್ಮೊ ಅವಳ ಸೊಂಟಕ್ಕೆ ಕೈ ಹಾಕಿದ, ಆದರೆ ಕೆನ್ನೆ ಕೆನ್ನೆಗೆ ತಾಗಿಸಬೇಕಾದವನು ಕುತ್ತಿಗೆಯನ್ನು ಕೊಕ್ಕರೆಯಂತೆ ಆಚೆ ತಿರುಗಿಸಿಕೊಂಡಿದ್ದ.

"ನನ್ನ ಮುಖ ನೋಡೋಕೆ ಇಷ್ಟು ಕಷ್ಟ ಆಗ್ತಿದ್ಯಾ?" ಹಿಲ್ಕಾ ಕೇಳಿದಳು.

"ಸೆಕೆ" ಎಂದ ಓಸ್ಮೊ.

ಹಾಡು ಮುಗಿಯುವ ಮೊದಲೇ ಅವಳ ಕೈ ಬಿಟ್ಟು ಕಾಫಿ ಮಾರುವ ಕಡೆ ನಡೆದ. ಅಲ್ಲಿ ಕೇಟಲು ಹಿಡಿದು ನಿಂತವಳು ಸೇಯಾ. ಹೆದ್ದಾರಿಯ ಪೆಟ್ರೋಲ್ ಬಂಕಿನ ಕ್ಯಾಂಟೀನು ನಡೆಸುವವಳು, ಗಂಡನಿಂದ ಬಿಡುಗಡೆ ಪಡೆದವಳು, ಯಾರ ಜೊತೆಗಾದರೂ ಗಟ್ಟಿಯಾಗಿ ನಗುವವಳು. ಓಸ್ಮೊ ಅವಳ ಕಿವಿಯ ಹತ್ತಿರ ಏನೋ ಹೇಳಿದ. ಅವಳು ಏಪ್ರನ್ನಿನ ಜೇಬಿನಿಂದ ಪುಟ್ಟ ಪೊಟ್ಟಣ ತೆಗೆದು ಅವನ ಕೈಗೆ ಕೊಟ್ಟಳು.

ಪೆಪ್ಪರ್‌ಮಿಂಟು.

ಹಿಲ್ಕಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಬೇರೆ ಕೋಣೆ, ಕಸಕ್ಕೆ ಹೋದ ಬುತ್ತಿ, ತಿರುಗಿದ ಮುಖ, ಏರಿದ ಸಕ್ಕರೆ. ಎಲ್ಲಕ್ಕೂ ಒಂದೇ ಉತ್ತರ ಕಾಫಿ ಕೇಟಲು ಹಿಡಿದು ನಗುತ್ತಿತ್ತು.

ಸೋಮವಾರ ಅವಳು ಬಂಕಿಗೆ ಹೋದಳು. ಕ್ಯಾಂಟೀನಿನಲ್ಲಿ ಲಾರಿಯವನೊಬ್ಬ ಬಿಟ್ಟರೆ ಯಾರೂ ಇರಲಿಲ್ಲ. ಹಿಲ್ಕಾ ಕೋಟು ಕೂಡ ಬಿಚ್ಚಲಿಲ್ಲ.

"ನನ್ನ ಗಂಡನಿಗೆ ದಿನಾ ಏನು ಬಡಿಸ್ತೀಯ?"

ಸೇಯಾ ತಟ್ಟೆ ಒರೆಸುತ್ತಿದ್ದವಳು ತಲೆಯೆತ್ತಿದಳು. "ಏನಮ್ಮ ಇದು, ಬಂದವಳೇ ಜಗಳಕ್ಕೆ ನಿಂತ್ಕೊಂಡೆ?"

"ಕೇಳಿದ್ದಕ್ಕೆ ಉತ್ತರ ಕೊಡು. ಏಲಕ್ಕಿ ಬನ್ನಾ, ಕೇಕಾ?"

"ಬನ್ನು ಅವನು ಕಣ್ಣೆತ್ತಿಯೂ ನೋಡಲ್ಲ. ಆಲೂಗಡ್ಡೆ ಮುದ್ದೆ, ಬಿಳಿ ಬ್ರೆಡ್ಡು. ಬ್ರೆಡ್ಡನ್ನೂ ಸಾರಲ್ಲಿ ಅದ್ದಿ ಮೆತ್ತಗೆ ಮಾಡ್ಕೊಂಡು ತಿಂತಾನೆ. ಒಂದು ದಿನ ತಮಾಷೆಗೆ ಕೇಳಿದೆ, ನಿಂಗೆ ಹಲ್ಲು ಬರೋಕೆ ಇನ್ನೂ ಎಷ್ಟು ತಿಂಗಳು ಬೇಕು ಅಂತ. ಮುಖ ಕೆಂಪಗೆ ಮಾಡ್ಕೊಂಡು ಎದ್ದು ಹೋದ."

"ಮತ್ತೆ ಪೆಪ್ಪರ್‌ಮಿಂಟು?"

"ಅಂಗಡೀಲಿ ಮಾರೋದನ್ನ ಕೊಡ್ದೆ ಇರೋಕಾಗುತ್ತಾ? ಹೋಗುವಾಗ ದಿನಾ ತಗೋತಾನೆ." ಸೇಯಾ ಒರೆಸುವ ಬಟ್ಟೆ ಕೆಳಗಿಟ್ಟಳು. ಹಿಲ್ಕಾ ಬಂದದ್ದು ಯಾಕೆ ಎಂದು ಅವಳಿಗೆ ಆಗಷ್ಟೇ ಹೊಳೆಯಿತು. "ಅಯ್ಯೋ ಪುಣ್ಯಾತ್ಗಿತ್ತಿ! ನನ್ನ ಮೇಲಾ ನಿನ್ನ ಅನುಮಾನ? ನಿನ್ನ ಗಂಡ ನನ್ನ ಹತ್ರ ಮಾತಾಡುವಾಗ್ಲೂ ಬಾಯಿಗೆ ಕೈ ಅಡ್ಡ ಇಟ್ಕೊಂಡೇ ಮಾತಾಡೋದು. ಪ್ರೀತಿ ಮಾಡೋ ಗಂಡಸು ಹಾಗೆ ಮಾಡ್ತಾನಾ? ಅವನ ಬಾಯಲ್ಲಿ ಏನೋ ಆಗಿದೆ. ವಾಸನೆ ಬರುತ್ತೆ, ಬೇಜಾರು ಮಾಡ್ಕೋಬೇಡ. ನೀನು ಹೆಂಡ್ತಿ, ನಿಂಗೆ ಗೊತ್ತಾಗ್ಲಿಲ್ವಾ?"

ಹಿಲ್ಕಾ ಹೊರಬಂದಳು. ಕಾರಿನಲ್ಲಿ ಕೂತು ಬೀಗದ ಕೈ ತಿರುಗಿಸುವುದನ್ನೇ ಮರೆತಳು. ಗಂಡನ ಜೇಬು ನೋಡಿದ್ದೆ, ಬಸ್ಸು ನೋಡಿದ್ದೆ, ಕಸದ ಚೀಲ ನೋಡಿದ್ದೆ. ಬಾಯಿ ಮಾತ್ರ ನೋಡಲಿಲ್ಲ.

ಸಂಜೆ ಓಸ್ಮೊ ಮನೆಗೆ ಬಂದು ಬೂಟು ಬಿಚ್ಚುತ್ತಿದ್ದಂತೆ ಹಿಲ್ಕಾ ಟಾರ್ಚು ಹಿಡಿದು ಎದುರಿಗೆ ನಿಂತಳು.

"ಬಾಯಿ ತೆಗಿ."

"ಏನಾಯ್ತೇ ನಿಂಗೆ?"

"ಬಾಯಿ ತೆಗಿ ಓಸ್ಮೊ. ಬಂಕಿಗೆ ಹೋಗಿದ್ದೆ. ಸೇಯಾ ಎಲ್ಲ ಹೇಳಿದ್ಲು."

ಓಸ್ಮೊ ಬಾಗಿಲ ಬಳಿಯ ಬೆಂಚಿನ ಮೇಲೆ ಕುಸಿದು ಕೂತ.  ಆಮೇಲೆ ಶಾಲೆಯ ಹುಡುಗನಂತೆ ಕಣ್ಣು ಮುಚ್ಚಿಕೊಂಡು ಬಾಯಿ ತೆರೆದ.

ವಸಡು ಗುಲಾಬಿ ಬಣ್ಣದಲ್ಲಿರಲಿಲ್ಲ. ನೇರಳೆ ಮಿಶ್ರಿತ ಕೆಂಪು, ಊದಿಕೊಂಡು ಹೊಳೆಯುತ್ತಿತ್ತು. ಹಲ್ಲುಗಳ ಬುಡದಲ್ಲಿ ಹಳೇ ಗೋಡೆಯ ಗಾರೆಯಂತೆ ಕಂದು ಪದರ ಕಟ್ಟಿತ್ತು. ವಸಡು ಹಿಂದೆ ಸರಿದು ಮುಂದಿನ ಹಲ್ಲುಗಳು ಉದ್ದವಾಗಿ ಕಾಣುತ್ತಿದ್ದವು. ಹಿಲ್ಕಾ ಬೆರಳಿನ ತುದಿಯಿಂದ ಒಂದು ದವಡೆ ಹಲ್ಲನ್ನು ಮುಟ್ಟಿದಳು. ಅದು ಅಲ್ಲಾಡಿತು. ಬೆರಳಿಗೆ ರಕ್ತ ಅಂಟಿತು.

"ಯಾವಾಗಿಂದ?"

"ಒಂದೆರಡು ವರ್ಷ ಆಯ್ತೇನೋ. ನೋವಿರ್ಲಿಲ್ಲ. ಉಜ್ಜಿದ್ರೆ ರಕ್ತ ಬರ್ತಿತ್ತು, ಅದಕ್ಕೆ ಉಜ್ಜೋದು ಕಮ್ಮಿ ಮಾಡಿದೆ. ಆಮೇಲೆ ವಾಸನೆ. ಗಟ್ಟಿ ರೊಟ್ಟಿ ಕಚ್ಚಿದ್ರೆ ಹಲ್ಲು ಅಲ್ಲಾಡುತ್ತೆ. ನನ್ನಪ್ಪಂಗೂ ಹೀಗೇ ಆಗಿತ್ತು, ನನ್ನ ವಯಸ್ಸಿಗೆ ಬಾಯೆಲ್ಲ ಖಾಲಿ. ವಯಸ್ಸಾಯ್ತಲ್ಲ, ಏನ್ಮಾಡೋದು?"

"ನಂಗ್ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ನನ್ನ ಬಾಯಿ ನಾರ್ತಿದೆ, ಹತ್ರ ಬರ್ಬೇಡ ಅಂತ್ಲಾ?"

ಹಿಲ್ಕಾ ಟಾರ್ಚು ಆರಿಸಿ ಅವನ ಪಕ್ಕದಲ್ಲಿ ಕೂತಳು. ಸೇಯಾಳ ಮೇಲೆ ಏನು ಅನುಮಾನಿಸಿದ್ದಳೋ ಅದನ್ನೂ ಹೇಳಿದಳು. ಓಸ್ಮೊ ಮೊದಲು ನಂಬಲಿಲ್ಲ, ನಂಬಿದ ಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಹಿಲ್ಕಾ ಆ ಕೈಯನ್ನು ಹಿಡಿದು ಕೆಳಗಿಳಿಸಿದಳು.

ರಿತ್ವಾ ಹಿಲ್ಕಾಳ ಬಾಲ್ಯದ ಗೆಳತಿ. ಊರಿನ ದಂತ ಚಿಕಿತ್ಸಾಲಯದಲ್ಲಿ ಹಲ್ಲು, ವಸಡು ಸ್ವಚ್ಛ ಮಾಡುವ ತಜ್ಞೆ. ಆ ಶನಿವಾರ ಹೆಂಗಸರಿಬ್ಬರೂ ಸೌನಾದ ಹಬೆಯಲ್ಲಿ ಕೂತಾಗ ಹಿಲ್ಕಾ ಎಲ್ಲವನ್ನೂ ಹೇಳಿಕೊಂಡಳು. ಬಿಸಿ ಕಲ್ಲಿಗೆ ಒಂದು ಸೌಟು ನೀರು ಸುರಿದು ರಿತ್ವಾ ಅಂದಳು, "ಅವನನ್ನ ಜಗಲಿಗೆ ಕರಿ. ನಾನು ಮಾತಾಡ್ತೀನಿ."

ಓಸ್ಮೊ ಕಾಫಿ ಹಿಡಿದು ಬಂದ. ಬಂದವನ ಮುಖದಲ್ಲೇ ಗುಮಾನಿ ಇತ್ತು.

"ಸಕ್ಕರೆ ಇರೋದು ರಕ್ತದಲ್ಲಿ. ಹಲ್ಲಿರೋದು ಬಾಯಲ್ಲಿ. ಎರಡಕ್ಕೂ ಗಂಟು ಹಾಕೋಕೆ ಬಂದಿದ್ದೀಯಲ್ಲ ರಿತ್ವಾ, ನಿಮ್ಮಲ್ಲಿ ಗಿರಾಕಿ ಕಮ್ಮಿ ಆಗಿದಾರಾ?"

"ಗಿರಾಕಿ ಬೇಕಾದಷ್ಟಿದಾರೆ. ಚಳಿಗಾಲದ ತನಕ ಸರದಿ ಇದೆ, ಆದ್ರೂ ನಿಂಗೆ ನಡುವೆ ಜಾಗ ಮಾಡ್ಕೊಡ್ತೀನಿ. ಒಂದು ಮಾತು ಕೇಳ್ತೀನಿ. ನಿನ್ನ ಕಾಲಲ್ಲಿ ಅಂಗೈ ಅಗಲದ ಗಾಯ ಇದೆ, ವರ್ಷದಿಂದ ರಕ್ತ ಸೋರ್ತಿದೆ ಅಂತಿಟ್ಕೋ. ಪೆಪ್ಪರ್‌ಮಿಂಟ್ ಹಚ್ಚಿ ಸುಮ್ನೆ ಕೂರ್ತಿದ್ಯಾ?"

"ಇಲ್ಲ."

"ನಿನ್ನ ವಸಡಿನ ಒಳಗಡೆ ಇರೋ ಗಾಯಾನೆಲ್ಲ ಬಿಡಿಸಿ ಪಕ್ಕಪಕ್ಕ ಇಟ್ರೆ ಅಷ್ಟೇ ಅಗಲ ಆಗಬಹುದು. ಮುಚ್ಕೊಂಡಿದೆ, ನೋವಿಲ್ಲ, ಅದಕ್ಕೆ ಗೊತ್ತಾಗಲ್ಲ."

 ರಿತ್ವಾ ಕಾಫಿ ಕುಡಿದು ಮುಂದುವರಿಸಿದಳು.

"ಹಲ್ಲಿನ ಬುಡದಲ್ಲಿ ಪಾಚಿ ಕಟ್ಟುತ್ತೆ, ಅದರಲ್ಲಿ ರೋಗಾಣು ಇರುತ್ತೆ. ಮೈ ಅದರ ಜೊತೆ ಜಗಳಕ್ಕೆ ನಿಲ್ಲುತ್ತೆ. ವಸಡು ಕೆಂಪಾಗೋದು, ಊದೋದು, ರಕ್ತ ಬರೋದು, ಎಲ್ಲ ಆ ಜಗಳದ ಗುರುತು. ಉರಿಯೂತ ಅಂತೀವಲ್ಲ, ಅದೇ. ಅದು ವರ್ಷಗಟ್ಲೆ ನಡೆದ್ರೆ ಬಾಯಲ್ಲೇ ಉಳಿಯಲ್ಲ. ರಕ್ತದ ಜೊತೆ ಮೈಯೆಲ್ಲ ಸುತ್ತುತ್ತೆ. ಆಗ ಇನ್ಸುಲಿನ್ ಹೇಳಿದ ಮಾತನ್ನ ಮೈ ಕೇಳಲ್ಲ, ಸಕ್ಕರೆ ರಕ್ತದಲ್ಲೇ ನಿಂತ್ಬಿಡುತ್ತೆ. ಸಕ್ಕರೆ ಜಾಸ್ತಿ ಆದ್ರೆ ವಸಡಿನ ಗಾಯ ಮಾಯಲ್ಲ. ಇದು ಅದನ್ನ ಕೆಡಿಸುತ್ತೆ, ಅದು ಇದನ್ನ."

"ಅಂದ್ರೆ ಅವನು ಕದ್ದು ತಿಂದಿದ್ದಲ್ಲ!" ಹಿಲ್ಕಾ ಅಂದಳು.

"ಸ್ವಲ್ಪ ತಡಿ. ಓಸ್ಮೊ, ಆ ಪೆಪ್ಪರ್‌ಮಿಂಟು ಸಕ್ಕರೆದಾ, ಸಕ್ಕರೆ ಇಲ್ದಿದ್ದಾ?"

"ಅದನ್ನೆಲ್ಲ ಯಾರು ನೋಡ್ತಾರೆ? ಮಿಂಟು ಊಟ ಅಲ್ಲವಲ್ಲ!"

ಹೆಂಗಸರಿಬ್ಬರೂ ಮುಖಮುಖ ನೋಡಿಕೊಂಡರು.

"ದಿನಾ ಒಂದು ಪೊಟ್ಟಣ ಸಕ್ಕರೆ ಚೀಪಿದ್ದೀಯ ಮಹಾರಾಯ" ಎಂದಳು ರಿತ್ವಾ. "ಜೊತೆಗೆ ಅಗಿಯೋಕೆ ಆಗಲ್ಲ ಅಂತ ರೈ ರೊಟ್ಟಿ ಬಿಟ್ಟೆ, ಕ್ಯಾರೆಟ್ಟು ಬಿಟ್ಟೆ, ಎಲೆಕೋಸು ಬಿಟ್ಟೆ. ಬಿಳಿ ಬ್ರೆಡ್ಡು, ಆಲೂಗಡ್ಡೆ ಮುದ್ದೆ ಹಿಡಿದೆ. ಬಾಯಿಗೆ ಮೆತ್ತಗಿರೋದೆಲ್ಲ ರಕ್ತಕ್ಕೆ ಮೆತ್ತಗಿರುತ್ತೆ ಅನ್ಕೋಬೇಡ. ಅವು ಬೇಗ ಕರಗಿ ಬೇಗ ಸಕ್ಕರೆ ಆಗ್ತವೆ. ನಾರಿನಂಶ ಹೋಯ್ತು, ವಸಡು ಮಾಯೋಕೆ ಬೇಕಾದ ಸಿ ಜೀವಸತ್ವ ಹೋಯ್ತು. ಮುಯಿಕ್ಕು ಮೀನಾದ್ರೂ ತಿಂತಿದ್ಯಾ?"

"ಸಣ್ಣ ಮುಳ್ಳು ವಸಡಿಗೆ ಚುಚ್ಚುತ್ತೆ."

"ನೋಡು, ಸರೋವರದ ದಡದಲ್ಲೇ ಹುಟ್ಟಿ ಬೆಳೆದೋನು ಮೀನೂ ಬಿಟ್ಟ. ಮೀನಿನ ಕೊಬ್ಬು ಉರಿಯೂತ ತಗ್ಗಿಸೋಕೆ ಸಹಾಯ ಮಾಡೋ ಅಂಥದ್ದು."

"ಎಲ್ಲ ಹಲ್ಲೂ ಕೀಳಿಸಿ ಸೆಟ್ಟು ಹಾಕಿಸ್ಕೊಂಡ್ರೆ ಆಯ್ತು" ಎಂದ ಓಸ್ಮೊ. "ನಮ್ಮಪ್ಪ ಹಾಗೇ ಮಾಡಿದ್ದು. ಒಂದೇ ಸಲಕ್ಕೆ ಪೀಡೆ ಕಳೀತು."

"ನಿಮ್ಮಪ್ಪ ಆಮೇಲೆ ರೈ ರೊಟ್ಟಿ ತಿಂದಿದ್ದು ನೋಡಿದ್ಯಾ?"

ಓಸ್ಮೊ ಯೋಚಿಸಿದ. ನೋಡಿದ ನೆನಪಿರಲಿಲ್ಲ. ಅಪ್ಪ ಕೊನೆಯವರೆಗೂ ರೊಟ್ಟಿಯನ್ನು ಹಾಲಲ್ಲಿ ನೆನೆಸಿ ಚಮಚದಲ್ಲಿ ತಿನ್ನುತ್ತಿದ್ದ.

"ಬರ್ತೀನಿ" ಎಂದ ಕೊನೆಗೆ. "ಆದ್ರೆ ಇದರಿಂದ ಸಕ್ಕರೆ ಇಳಿಯುತ್ತೆ ಅನ್ನೋದನ್ನ ನಾನು ನಂಬಲ್ಲ."

"ನಂಬಬೇಡ. ಬಾಯಿ ತೆರೆದ್ರೆ ಸಾಕು."

ಮೊದಲ ದಿನ ಚಿಕಿತ್ಸಾಲಯದ ಕುರ್ಚಿಯಲ್ಲಿ ಓಸ್ಮೊ ಎರಡೂ ಕೈಗಳಿಂದ ಹಿಡಿಕೆ ಹಿಡಿದು ಕೂತಿದ್ದ, ಬಸ್ಸು ಹಿಮದಲ್ಲಿ ಜಾರುತ್ತಿದೆಯೋ ಎನ್ನುವಂತೆ. ದಂತವೈದ್ಯರು ಎಕ್ಸ್‌ರೇ ನೋಡಿ, ಅಲ್ಲಾಡುತ್ತಿದ್ದ ಆ ದವಡೆ ಹಲ್ಲಿನ ಕೆಳಗೆ ಮೂಳೆಯೇ ಕರಗಿದೆ, ಉಳಿಸಲು ಆಗುವುದಿಲ್ಲ ಎಂದರು. ಅದನ್ನು ಕಿತ್ತರು. ಉಳಿದವನ್ನು ಉಳಿಸಬಹುದು ಎಂದರು. ರಿತ್ವಾ ಬಾಯನ್ನು ಮರಗಟ್ಟಿಸಿ, ವಸಡಿನ ಒಳಗೆ ಇಳಿದಿದ್ದ ಗಾರೆಯನ್ನು ಸ್ವಲ್ಪ ಸ್ವಲ್ಪವಾಗಿ, ಕೆಲವು ಭೇಟಿಗಳಲ್ಲಿ ಕೆರೆದು ತೆಗೆದಳು. ಹಲ್ಲುಗಳ ಸಂದಿಗೆ ಪುಟ್ಟ ಬ್ರಷ್ ಹಾಕುವುದನ್ನು ಕನ್ನಡಿ ಹಿಡಿಸಿ ಕಲಿಸಿದಳು.

"ರಕ್ತ ಬಂದ್ರೆ?" ಓಸ್ಮೊ ಕೇಳಿದ.

"ಬರ್ಲಿ. ರಕ್ತ ಬಂತು ಅಂತ ನಿಲ್ಲಿಸಿದ್ಯಲ್ಲ, ಅದೇ ತಪ್ಪಾಗಿದ್ದು. ಮೆತ್ತಗಿನ ಬ್ರಷ್ಷಲ್ಲಿ ಬೆಳಿಗ್ಗೆ, ಸಂಜೆ ಉಜ್ಜು. ಸಂದಿ ದಿನಾ ಸ್ವಚ್ಛ ಮಾಡು. ವಸಡು ವಾಸಿ ಆಗ್ತಾ ಹೋದ ಹಾಗೆ ರಕ್ತಾನೂ ಕಮ್ಮಿ ಆಗುತ್ತೆ."

ಇತ್ತ ಹಿಲ್ಕಾ ಔಷಧಿ ಅಂಗಡಿಗೆ ಹೋಗಿ ಸಿ ಜೀವಸತ್ವದ ಗುಳಿಗೆ, ಮೀನೆಣ್ಣೆಯ ಗುಳಿಗೆ, ಇನ್ನೂ ಏನೇನೋ ಡಬ್ಬಿಗಳನ್ನು ಚೀಲದ ತುಂಬ ತಂದಳು. ರಿತ್ವಾ ನೋಡಿ ತಲೆ ಚಚ್ಚಿಕೊಂಡಳು.

"ಗುಳಿಗೆ ನುಂಗಿದ್ರೆ ಹಲ್ಲಿನ ಗಾರೆ ಉದುರುತ್ತಾ? ಕೊರತೆ ಇದ್ದು ಡಾಕ್ಟರು ಬರೆದುಕೊಟ್ರೆ ತಗೊಳ್ಲಿ. ಇಲ್ಲಿ ಚಳಿಗಾಲದಲ್ಲಿ ಬಿಸಿಲೇ ಇಲ್ಲ, ಡಿ ಜೀವಸತ್ವ ಬೇಕೇನೋ ಕೇಳಿ. ಉಳಿದದ್ದು ನಿನ್ನ ಅಡುಗೆಮನೇಲೇ ಇದೆಯಲ್ಲೇ!"

ಹಿಲ್ಕಾ ಅಡುಗೆಮನೆಗೇ ತಿರುಗಿದಳು. ಈ ಸಲ ಪೊಲೀಸಾಗಿ ಅಲ್ಲ, ಅಡುಗೆಯವಳಾಗಿ. ಗಂಡನ ಬಾಯಿ ಏನನ್ನು ತಡೆದುಕೊಳ್ಳುತ್ತದೆ ಎಂದು ಕೇಳಿ ಕೇಳಿ ಮಾಡಿದಳು. ಮೊದಮೊದಲು ಎಲೆಕೋಸು, ಕ್ಯಾರೆಟ್ಟು ಬೇಯಿಸಿದಳು, ಆದರೆ ಮುದ್ದೆ ಮಾಡಲಿಲ್ಲ. ಹೆಪ್ಪುಗಟ್ಟಿಸಿಟ್ಟಿದ್ದ ಕಪ್ಪು ಕರಂಟ್ ಎಂಬ ಹುಳಿ ಹಣ್ಣನ್ನು ಸಕ್ಕರೆ ಹಾಕದೆ ಸಪ್ಪೆ ಮೊಸರಿಗೆ ಕಲಸಿದಳು. ಮುಯಿಕ್ಕು ಮೀನಿನ ಮುಳ್ಳು ತಾನೇ ಬಿಡಿಸಿ ಬಡಿಸಿದಳು. ವಸಡು ಗಟ್ಟಿಯಾಗುತ್ತಾ ಬಂದಂತೆ ರೈ ರೊಟ್ಟಿ ತೆಳುವಾಗಿ, ಆಮೇಲೆ ದಪ್ಪವಾಗಿ ಬಂತು. ಬಾಯಿಯ ವಾಸನೆ ಹೋದ ಮೇಲೆ ಪೆಪ್ಪರ್‌ಮಿಂಟು ಬೇಕೆನ್ನಿಸಲಿಲ್ಲ. ಸೇಯಾಳಿಗೆ ಒಬ್ಬ ಗಿರಾಕಿ ಕಡಿಮೆಯಾದ.

ಅಕ್ಟೋಬರ್ ಹೊತ್ತಿಗೆ ಓಸ್ಮೊ ಮತ್ತೆ ಗುಮಾನಿಪಟ್ಟ. ಬೆಳಿಗ್ಗೆ ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಅವನು ನಿರೀಕ್ಷಿಸಿದ್ದಕ್ಕಿಂತ ಕೆಳಗೆ ತೋರಿಸುತ್ತಿತ್ತು.

"ಈ ಯಂತ್ರ ಕೆಟ್ಟಿದೆ" ಎಂದ. ಹಿಲ್ಕಾಳ ಬೆರಳನ್ನೂ ಚುಚ್ಚಿ ನೋಡಿದ. ಯಂತ್ರ ಕೆಟ್ಟಿರಲಿಲ್ಲ.

"ಮಾತ್ರೆ ಬಿಡ್ಲಾ ಹಾಗಾದ್ರೆ?"

"ಬಿಟ್ಟು ನೋಡು, ಇದೇ ಯಂತ್ರ ತಲೆ ಮೇಲೆ ಹಾಕ್ತೀನಿ" ಎಂದಳು ಹಿಲ್ಕಾ. ಮಾತ್ರೆಯ ವಿಚಾರ ಡಾಕ್ಟರು ಹೇಳಬೇಕು, ನಾವಲ್ಲ ಎಂದು ರಿತ್ವಾ ಅವಳಿಗೆ ಖಡಾಖಂಡಿತವಾಗಿ ಹೇಳಿದ್ದಳು.

ಚಳಿಗಾಲದ ಪರೀಕ್ಷೆಯ ದಿನ ಇಬ್ಬರೂ ಅದೇ ನರ್ಸಿನ ಮುಂದೆ ಕೂತರು. ಹೊರಗೆ ಹಿಮ ಒಂದೇ ಸಮನೆ ಬೀಳುತ್ತಿತ್ತು. ನರ್ಸು ಪರದೆ ನೋಡಿದಳು, ಇನ್ನೊಮ್ಮೆ ನೋಡಿದಳು.

"ಇಳಿದಿದೆ. ಪವಾಡ ಅನ್ನೋವಷ್ಟಲ್ಲ, ಆದ್ರೆ ಚೆನ್ನಾಗಿಯೇ ಇಳಿದಿದೆ. ಸದ್ಯಕ್ಕೆ ಇನ್ಸುಲಿನ್ ಮಾತು ಬೇಡ ಅಂದಿದಾರೆ ಡಾಕ್ಟರು, ಇದೇ ಮಾತ್ರೆ ಮುಂದುವರೀಲಿ." ಆಮೇಲೆ ಕನ್ನಡಕದ ಮೇಲಿನಿಂದ ನೋಡಿ ನಕ್ಕಳು. "ಅಂತೂ ಕದ್ದು ತಿನ್ನೋದು ಬಿಟ್ರಿ ಅನ್ನಿ."

ಓಸ್ಮೊನ ಕಿವಿ ಕೆಂಪಾಯಿತು. ಅವನು ಬಾಯಿ ತೆರೆಯುವ ಮೊದಲೇ ಹಿಲ್ಕಾ ಎದ್ದು ನಿಂತಳು.

"ಅವನು ಕದ್ದು ತಿಂದಿರ್ಲಿಲ್ಲ. ಪೆಪ್ಪರ್‌ಮಿಂಟು ತಿಂದ, ಗೊತ್ತಿಲ್ದೆ ತಿಂದ. ನೀವೂ ಕೇಳಿದ್ರಿ, ನಾನೂ ಕೇಳಿದೆ, ಏನು ತಿಂತೀಯ, ಎಲ್ಲಿ ತಿಂತೀಯ ಅಂತ. ತಿನ್ನೋಕೆ ಆಗ್ತಿದ್ಯಾ ಅಂತ ಒಬ್ರೂ ಕೇಳ್ಲಿಲ್ಲ. ಅವನ ವಸಡು ಕೊಳೀತಿತ್ತು. ನಾನು ಒಂದೇ ಮನೇಲಿ ಇದ್ಕೊಂಡು ಅವನ ಮೇಲೆ ಏನೇನೋ ಅನುಮಾನಪಟ್ಟೆ."

ನರ್ಸಿನ ನಗು ನಿಂತಿತು. ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಓಸ್ಮೊ, ನಾನು ಕೇಳಬೇಕಿತ್ತು. ತಪ್ಪಾಯ್ತು" ಎಂದಳು. ಮುಂದಿನ ರೋಗಿ ಒಳಗೆ ಬಂದಾಗ ಅವಳು ಕೇಳಿದ ಮೊದಲ ಪ್ರಶ್ನೆ, "ಹಲ್ಲುಜ್ಜುವಾಗ ರಕ್ತ ಬರುತ್ತಾ?" ಬಾಗಿಲು ಮುಚ್ಚುವಾಗ ಹಿಲ್ಕಾಳಿಗೆ ಅದು ಕೇಳಿಸಿತು.

ಅಲ್ಲಿಂದ ಇಬ್ಬರೂ ನೇರ ರಿತ್ವಾಳ ಬಳಿ ಹೋದರು, ಓಸ್ಮೊನ ವಸಡಿನ ತಪಾಸಣೆ ಅದೇ ದಿನವಿತ್ತು. ರಿತ್ವಾ ನೋಡಿ, ಊತ ಹೋಗಿದೆ, ಎರಡು ಕಡೆ ಮಾತ್ರ ಹಲ್ಲಿಗೂ ವಸಡಿಗೂ ನಡುವಿನ ಸಂದು ಇನ್ನೂ ಆಳವಿದೆ, ಮೂರು ತಿಂಗಳಿಗೊಮ್ಮೆ ಬರುವುದನ್ನು ತಪ್ಪಿಸಬೇಡ ಎಂದಳು. ಓಸ್ಮೊ ಕುರ್ಚಿಯಿಂದ ಇಳಿದ. ರಿತ್ವಾ ಹಿಲ್ಕಾಳ ಕಡೆ ತಿರುಗಿದಳು.

"ಕೂತ್ಕೋ."

"ನಂಗೇನಾಗಿದೆ? ನಂಗೆ ಸಕ್ಕರೆ ಕಾಯಿಲೆ ಇಲ್ಲ."

"ಕೊನೇ ಸಲ ಯಾವಾಗ ತೋರಿಸಿದ್ದೆ?"

ಹಿಲ್ಕಾ ನೆನಪು ಮಾಡಿಕೊಳ್ಳಲು ನೋಡಿದಳು. ಆಗಲಿಲ್ಲ. ಬೇಡವೆಂದು ಹೇಳುತ್ತಲೇ ಕುರ್ಚಿಯಲ್ಲಿ ಒರಗಿದಳು. ರಿತ್ವಾ ಸಣ್ಣ ಕಡ್ಡಿಯಿಂದ ಅವಳ ವಸಡಿನ ಅಂಚನ್ನು ಮೆಲ್ಲಗೆ ಸವರಿ, ಕನ್ನಡಿ ಹಿಡಿದು ತೋರಿಸಿದಳು. ಹಲ್ಲುಗಳ ನಡುವೆ ಕೆಂಪು ಚುಕ್ಕೆಗಳು ಒಂದೊಂದಾಗಿ ಮೂಡುತ್ತಿದ್ದವು.

"ಇದು... ನಂದಾ?"

"ನಿಂದೇ. ಈಗಷ್ಟೇ ಶುರುವಾಗಿದೆ. ಸ್ವಚ್ಛ ಮಾಡಿದ್ರೆ ಪೂರ್ತಿ ವಾಸಿ ಆಗೋ ಹಂತ."

ಓಸ್ಮೊ ಪಕ್ಕದಿಂದ ಬಗ್ಗಿ ಕನ್ನಡಿಯೊಳಗೆ ನೋಡಿದ. ಬಹಳ ದಿನಗಳ ಮೇಲೆ ಅವನಿಗೆ ಒಂದು ಅವಕಾಶ ಸಿಕ್ಕಿತ್ತು.

"ಎಲ್ಲಿ ತಿಂತೀಯ ಹಿಲ್ಕಾ?" ಎಂದ.

ರಿತ್ವಾಳ ಕಡ್ಡಿ ಮತ್ತೆ ಬಾಯೊಳಗೆ ಬಂದಿದ್ದರಿಂದ ಹಿಲ್ಕಾಳಿಗೆ ಬೈಯಲು ಆಗಲಿಲ್ಲ. ಕಾಲೆತ್ತಿ ಅವನ ಮೊಣಕಾಲಿಗೆ ಒದೆದಳು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಸಕ್ಕರೆ ಕಾಯಿಲೆಯವರು ಇರಬಹುದು. ಮಾತ್ರೆ ನುಂಗಿದರೂ, ಪಥ್ಯ ಮಾಡಿದರೂ ಸಕ್ಕರೆ ಇಳಿಯುತ್ತಿಲ್ಲವೆಂದರೆ ಅವರ ಜೇಬು ತಡಕುವ ಮುನ್ನ ಅವರ ಬಾಯಿ ನೋಡಿ. ಹಲ್ಲುಜ್ಜುವಾಗ ರಕ್ತ, ಹೋಗದ ವಾಸನೆ, ಊದಿದ ವಸಡು, ಅಲ್ಲಾಡುವ ಹಲ್ಲು, ಇವುಗಳಲ್ಲಿ ಒಂದಿದ್ದರೂ ದಂತವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಸಕ್ಕರೆ ಕಾಯಿಲೆ ಇದೆ ಎಂದು ದಂತವೈದ್ಯರಿಗೂ ಹೇಳಿ, ವಸಡು ಕೆಟ್ಟಿದೆ ಎಂದು ಸಕ್ಕರೆ ನೋಡುವ ಡಾಕ್ಟರಿಗೂ ಹೇಳಿ. ನೋವಿಲ್ಲವೆಂದು ಸುಮ್ಮನಿರಬೇಡಿ, ನೋವು ಬರುವ ಹೊತ್ತಿಗೆ ಹಲ್ಲು ಕೈಗೆ ಬಂದಿರುತ್ತದೆ. ಬೀಡಿ, ಸಿಗರೇಟು, ಹೊಗೆಸೊಪ್ಪು ಇದ್ದರೆ ಬಿಡಿ, ವಸಡಿಗೆ ಅವುಗಳಷ್ಟು ಕೆಟ್ಟದ್ದು ಕಡಿಮೆ.

ಹಿಲ್ಕಾಳ ಅಡುಗೆಮನೆಯಲ್ಲಿ ಮುಯಿಕ್ಕು, ಕರಂಟ್ ಹಣ್ಣು, ರೈ ರೊಟ್ಟಿ ಇದ್ದಂತೆ ನಿಮ್ಮಲ್ಲಿ ಬೂತಾಯಿ ಮೀನು ಇದೆ. ಮೀನು ತಿನ್ನದವರಿಗೆ ಅಗಸೆ ಚಟ್ನಿಪುಡಿ ಇದೆ. ನೆಲ್ಲಿಕಾಯಿ, ಸೀಬೆಹಣ್ಣು, ಸೊಪ್ಪು, ಮೊಳಕೆ ಕಾಳು, ತೌಡು ತೆಗೆಯದ ಧಾನ್ಯ ಇವೆ. ಅಗಿಯಲು ಆಗದಿದ್ದರೆ ಬೇಯಿಸಿ ಕೊಡಿ, ಆದರೆ ಬಿಟ್ಟುಬಿಡಬೇಡಿ. ಡಾಕ್ಟರು ಕೊಟ್ಟ ಮಾತ್ರೆಯನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ.

ನಾಳೆ ಬೆಳಿಗ್ಗೆ ಹಲ್ಲುಜ್ಜಿ ಉಗುಳುವಾಗ ಒಂದು ಕ್ಷಣ ನಿಂತು ನೋಡಿ. ಕೆಂಪು ಕಂಡರೆ, ಅದೇ ದಿನ ಹೊರಡಿ.